ನಲವತ್ತು ವರ್ಷವೋ, ಒಂದು ವಾರವೋ?

ಅಡಕೆ ತೋಟದ ಪಾಲಿನ ವ್ಯಾಜ್ಯವನ್ನು ಕುರಿತ ನಿಮ್ಮ ಕಾದಂಬರಿ ನಲವತ್ತು ವರ್ಷಗಳಿಗೆ ಹರಡಬೇಕೇ, ಇಲ್ಲವೇ ಪಾಲುಪಟ್ಟಿಗೆ ಸಹಿ ಬೀಳುವ ಒಂದೇ ವಾರದಲ್ಲಿ ಮುಗಿಯಬೇಕೇ ಎಂದು ಕೇಳಿದ್ದೀರಿ. ಅಣ್ಣತಮ್ಮಂದಿರ ಪ್ರೀತಿ ನಿಧಾನವಾಗಿ ಬತ್ತಿಹೋಗುವುದೇ ನಿಮ್ಮ ವಸ್ತುವಾದರೆ ವರ್ಷಗಳು ಬೇಕೇ ಬೇಕು. ಬಹುಕಾಲ ನುಂಗಿಕೊಂಡಿದ್ದ ಮಾತು ಕೊನೆಗೊಮ್ಮೆ ಹೊರಬೀಳುವುದು ವಸ್ತುವಾದರೆ ಒಂದು ವಾರ ಧಾರಾಳವಾಯಿತು.

ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಈ ದೃಷ್ಟಿಯಿಂದ ಮತ್ತೊಮ್ಮೆ ಓದಿ. ಅಗ್ರಹಾರದಲ್ಲಿ ದಹನವಾಗದೆ ಬಿದ್ದಿರುವ ಶವವೇ ಅಲ್ಲಿನ ಗಡಿಯಾರವಾದ್ದರಿಂದ, ಎಷ್ಟೇ ದೊಡ್ಡ ಧರ್ಮಸಂಕಟವಾದರೂ ಅದು ಕೆಲವೇ ದಿನಗಳಲ್ಲಿ ಇತ್ಯರ್ಥಕ್ಕೆ ಬರಲೇಬೇಕಾಗುತ್ತದೆ. ಕಾರಂತರ ‘ಮರಳಿ ಮಣ್ಣಿಗೆ’ಯಾದರೋ ಮೂರು ತಲೆಮಾರುಗಳನ್ನು ಬೇಡುತ್ತದೆ. ನಿಮಗೆ ಹೆಚ್ಚು ಉಪಯುಕ್ತವಾಗಬಹುದಾದದ್ದು ಅವರದೇ ‘ಬೆಟ್ಟದ ಜೀವ’ ಎಂದು ನನಗೆ ಅನ್ನಿಸುತ್ತದೆ: ಅತಿಥಿಯೊಬ್ಬ ಕೆಲವು ದಿನ ಉಳಿದುಕೊಂಡ ಮನೆಯಲ್ಲಿ, ಊಟ, ತಿರುಗಾಟ, ಹರಟೆಗಳ ನಡುವೆಯೇ ವೃದ್ಧ ದಂಪತಿಯ ಇಡೀ ಬದುಕು ಬಿಚ್ಚಿಕೊಳ್ಳುತ್ತದೆ. ನಡೆಯುವ ಕಾಲ ಚಿಕ್ಕದು, ನೆನಪಾಗುವ ಕಾಲ ದೊಡ್ಡದು.

ಆದ್ದರಿಂದ ನೀವು ವಾರವನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಅಡಕೆ ಸಸಿ ಫಸಲಿಗೆ ಬರಲು ಹಲವು ವರ್ಷಗಳೇ ಹಿಡಿಯುವುದರಿಂದ, ಯಾವ ಸಾಲನ್ನು ಯಾರು ನೆಟ್ಟರು, ಯಾರು ನೀರು ಹೊತ್ತರು ಎಂಬ ಜಗಳದಲ್ಲೇ ಹಳೆಯ ದಶಕಗಳು ತಾವಾಗಿ ಬರುತ್ತವೆ. ಪ್ರತ್ಯೇಕ ಹಿನ್ನೋಟದ ಅಧ್ಯಾಯಗಳನ್ನು ಬರೆಯಬೇಕಾಗಿಲ್ಲ. ಆ ವಾರವನ್ನು ಕೊನೆಕೊಯ್ಲಿಗೆ, ಅಂದರೆ ಅಡಕೆಗೊನೆ ಕೊಯ್ಯುವ ಕಾಲಕ್ಕೆ, ಸ್ವಲ್ಪ ಮುಂಚೆ ಇಟ್ಟುಕೊಂಡರೆ, ಮರದ ಮೇಲಿರುವ ಫಸಲು ಯಾರದು ಎಂಬ ಪ್ರಶ್ನೆಯನ್ನು ಮುಂದೂಡುವುದು ಯಾರಿಗೂ ಸಾಧ್ಯವಾಗುವುದಿಲ್ಲ.