ಬಿಲ್ಲಿಂಗ್, ಸ್ಟಾಕ್, ಸಂಬಳ: ಮೂರಕ್ಕೂ ಒಂದೇ ಡೇಟಾಬೇಸ್ ಸಾಕಾ?

ಹೋಲ್‌ಸೇಲ್ ಅಂಗಡಿಯ ಬಿಲ್ಲಿಂಗ್, ಗೋಡೌನ್ ಸ್ಟಾಕ್, ಸಂಬಳ ಮೂರು ಅಪ್ಲಿಕೇಶನ್‌ಗೂ ಒಂದೇ ಪೋಸ್ಟ್‌ಗ್ರೆಸ್ (PostgreSQL) ಡೇಟಾಬೇಸ್ ಇಡಬಹುದಾ ಎಂದು ಕೇಳಿದ್ದೀರಿ. ಇಡಿ. ಕೆಲಸ ಮಾಡುವವರು ಇಬ್ಬರೇ ಅಂತೀರಿ, ಮೂರು ಕಡೆ ಬ್ಯಾಕಪ್ ನೋಡಿಕೊಳ್ಳುವುದು ಸುಮ್ನೆ ತಲೆನೋವು.

ಆದರೆ ಕಾಲಂಗಳ ಪಟ್ಟಿಗೆ ಕೈ ಹಾಕುವ ಮುಂಚೆ ಒಂದು ತೀರ್ಮಾನ ಆಗಲಿ: ಯಾವ ಟೇಬಲ್ ಯಾರದು? ಎಷ್ಟು ಅಪ್ಲಿಕೇಶನ್ ಬೇಕಾದರೂ ಓದಲಿ, ಬರೆಯುವುದು ಮಾತ್ರ ಒಂದೇ. ಇದನ್ನು ಬಾಯಿಮಾತಿಗೆ ಬಿಡಬೇಡಿ. ಪ್ರತಿ ಅಪ್ಲಿಕೇಶನ್‌ಗೂ ಒಂದು ಸ್ಕೀಮಾ (ಅದರ ಟೇಬಲ್‌ಗಳನ್ನು ಒಟ್ಟಿಗಿಡುವ ವಿಭಾಗ), ಒಂದು ರೋಲ್ (ಹಕ್ಕುಗಳನ್ನು ಕೊಡುವ ಲಾಗಿನ್) ಮಾಡಿ. ಬೇರೆಯವರಿಗೆ ಟೇಬಲ್ ತೋರಿಸದೆ ವ್ಯೂ (ಬೇಕಾದಷ್ಟನ್ನೇ ಟೇಬಲ್‌ನಂತೆ ತೋರಿಸುವ, ಉಳಿಸಿಟ್ಟ ಕ್ವೆರಿ) ಕೊಡಿ, ನಾಳೆ ಒಳಗೆ ಕಾಲಂ ಬದಲಾದರೂ ಅವರಿಗೆ ಗೊತ್ತಾಗುವುದಿಲ್ಲ. ಸಂಬಳದ ಸ್ಕೀಮಾವಂತೂ ಬಿಲ್ಲಿಂಗ್ ಕಣ್ಣಿಗೇ ಬೀಳಬಾರದು.

ಇಲ್ಲಿ ನಿಮಗೊಂದು ಪ್ರಶ್ನೆ ಬರುತ್ತದೆ: ಬಿಲ್ ಆದ ತಕ್ಷಣ ಸ್ಟಾಕ್ ಇಳಿಯಬೇಕಲ್ವಾ, ಬಿಲ್ಲಿಂಗ್ ಅಲ್ಲಿ ಬರೆಯದೆ ಹೇಗೆ? ಸ್ಟಾಕ್ ಸ್ಕೀಮಾದಲ್ಲಿ ಒಂದು ಫಂಕ್ಷನ್ ಬರೆಯಿರಿ, ಅದನ್ನು ಸೆಕ್ಯುರಿಟಿ ಡಿಫೈನರ್ ಮಾಡಿ. ಆಗ ಅದು ತನ್ನ ಮಾಲೀಕನ ಹಕ್ಕಿನಲ್ಲೇ ಓಡುತ್ತದೆ. ಬಿಲ್ಲಿಂಗ್‌ಗೆ ಸ್ಟಾಕ್ ಸ್ಕೀಮಾ ಬಳಸುವ (USAGE) ಹಕ್ಕು, ಆ ಫಂಕ್ಷನ್ ಕರೆಯುವ ಹಕ್ಕು, ಇವೆರಡೇ ಸಾಕು. ಹೊಸ ಫಂಕ್ಷನ್ ಕರೆಯುವ ಹಕ್ಕನ್ನು ಪೋಸ್ಟ್‌ಗ್ರೆಸ್ ತಾನಾಗಿಯೇ ಎಲ್ಲರಿಗೂ ಕೊಟ್ಟುಬಿಡುತ್ತದೆ, ಅದನ್ನು ಮೊದಲು ಕಿತ್ತುಹಾಕಿ. ಬಿಲ್ಲೂ ಸ್ಟಾಕೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲವೂ, ಇಲ್ಲದಿದ್ದರೆ ಏನೂ ಆಗದ ಬದಲಾವಣೆಗಳ ಗುಂಪು) ಇರುವುದರಿಂದ ಒಂದು ಸೋತರೆ ಇನ್ನೊಂದೂ ರದ್ದಾಗುತ್ತದೆ. ಒಂದೇ ಡೇಟಾಬೇಸ್ ಇಡಿ ಎಂದು ನಾನು ಹೇಳುವುದೇ ಈ ಕಾರಣಕ್ಕೆ. ಮೂರು ಬೇರೆ ಇದ್ದರೆ ಇದನ್ನೇ ಸಾಧಿಸಲು ತುಂಬಾ ಒದ್ದಾಡಬೇಕು.

ಗ್ರಾಹಕರ ಟೇಬಲ್‌ಗೆ ಜಿಎಸ್‌ಟಿ ನಂಬರನ್ನೇ ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ) ಮಾಡುವ ಆಸೆ ಬೇಡ. ಅದರ 15 ಅಕ್ಷರಗಳಲ್ಲಿ ಮೊದಲ 2 ರಾಜ್ಯದ ಕೋಡ್, ಮುಂದಿನ 10 ಪ್ಯಾನ್. ಬೆಂಗಳೂರಿನಲ್ಲೂ ಹೊಸೂರಿನಲ್ಲೂ ಅಂಗಡಿ ಇರುವ ಒಬ್ಬನೇ ಗ್ರಾಹಕನಿಗೆ 29ರಿಂದ (ಕರ್ನಾಟಕ) ಶುರುವಾಗುವ ಒಂದು, 33ರಿಂದ (ತಮಿಳುನಾಡು) ಶುರುವಾಗುವ ಇನ್ನೊಂದು ನಂಬರ್ ಇರುತ್ತದೆ. ಸಣ್ಣ ಅಂಗಡಿಯವರಿಗೆ ನಂಬರೇ ಇಲ್ಲದಿರಬಹುದು. ನಿಮ್ಮದೇ ಐಡಿ ಕೊಡಿ, ಜಿಎಸ್‌ಟಿ ನಂಬರ್‌ಗಳು ಬೇರೆ ಟೇಬಲ್‌ನಲ್ಲಿರಲಿ. ತೆರಿಗೆ ದರವನ್ನೂ ಬಿಲ್‌ನ ಪ್ರತಿ ಸಾಲಿನಲ್ಲಿ ಆ ದಿನದ ಲೆಕ್ಕಕ್ಕೆ ಬರೆದಿಡಿ. 2025ರ ಸೆಪ್ಟೆಂಬರ್ 22ರಂದು ಎಷ್ಟೋ ಸಾಮಾನಿನ ದರ ಬದಲಾಯಿತು. ದರ ಐಟಂ ಟೇಬಲ್‌ನಲ್ಲಿ ಮಾತ್ರ ಇದ್ದರೆ ಹಳೆಯ ಬಿಲ್ ಮತ್ತೆ ಪ್ರಿಂಟ್ ಮಾಡಿದಾಗ ಮೊತ್ತವೇ ಬೇರೆ ಬರುತ್ತದೆ.

ಜಿಎಸ್‌ಟಿ ನಿಯಮದಂತೆ ಬಿಲ್ ನಂಬರ್ 16 ಅಕ್ಷರ ಮೀರಬಾರದು, ಸಾಲಾಗಿ ಬರಬೇಕು. ಪೋಸ್ಟ್‌ಗ್ರೆಸ್‌ನ ಸೀಕ್ವೆನ್ಸ್ (ತಾನಾಗಿ ಮುಂದಿನ ನಂಬರ್ ಕೊಡುವ ಸೌಲಭ್ಯ) ಇದಕ್ಕೆ ಆಗದು, ಟ್ರಾನ್ಸಾಕ್ಷನ್ ರದ್ದಾದರೂ ನಂಬರ್ ಹಿಂದೆ ಬರುವುದಿಲ್ಲ, ನಡುವೆ ಖಾಲಿ ಬೀಳುತ್ತದೆ. ವರ್ಷಕ್ಕೊಂದು ಸಾಲಿರುವ ಕೌಂಟರ್ ಟೇಬಲ್ ಇಟ್ಟು, ಬಿಲ್ ಉಳಿಸುವ ಟ್ರಾನ್ಸಾಕ್ಷನ್‌ನಲ್ಲೇ ಅದನ್ನು ಅಪ್‌ಡೇಟ್ ಮಾಡಿ. ಸ್ವಲ್ಪ ನಿಧಾನ, ಆದರೆ ನಿಮ್ಮ ವ್ಯಾಪಾರಕ್ಕೆ ಗೊತ್ತೇ ಆಗುವುದಿಲ್ಲ.

ಇನ್ನು ಕನೆಕ್ಷನ್, ಅಂದರೆ ಅಪ್ಲಿಕೇಶನ್‌ಗಳು ಡೇಟಾಬೇಸ್‌ಗೆ ಒಂದೇ ಹೊತ್ತಿಗೆ ತೆರೆದಿಡುವ ಸಂಪರ್ಕ. ಪೋಸ್ಟ್‌ಗ್ರೆಸ್‌ನ ಡೀಫಾಲ್ಟ್ ಮಿತಿ 100. ಮೂರೂ ಅಪ್ಲಿಕೇಶನ್ ತಲಾ 40 ಹಿಡಿದು ಕೂತರೆ ತಿಂಗಳ ಕೊನೆಗೆ ಸಂಬಳದ ಲೆಕ್ಕ ಓಡುವಾಗ ಬಿಲ್ಲಿಂಗ್ ಕೌಂಟರ್ ನಿಂತೀತು. ಪ್ರತಿ ರೋಲ್‌ಗೂ ಕನೆಕ್ಷನ್ ಲಿಮಿಟ್ ಹಾಕಿ. ಸಂಬಳಕ್ಕೆ 10 ಕೊಟ್ಟರೂ ಜಾಸ್ತಿಯೇ.