ಎಪಿಟಾಲಾನ್ ಪೆಪ್ಟೈಡ್ ನಿಜಕ್ಕೂ ವಯಸ್ಸಾಗೋದನ್ನ ತಡೆಯುತ್ತಾ?

ಲ್ಯಾಬ್‌ನಲ್ಲಿ ಬೆಳೆಸಿದ ಕೋಶಗಳಲ್ಲಿ ಸುಳಿವು ಸಿಕ್ಕಿದೆ. ಮನುಷ್ಯರಲ್ಲಿ ಗಟ್ಟಿ ಪುರಾವೆ ಇಲ್ಲ.

ನಮ್ಮ ಕ್ರೋಮೋಸೋಮ್‌ಗಳ ತುದಿಯಲ್ಲಿ ಟಿಟಿಎಜಿಜಿಜಿ ಎಂಬ ಆರು ಡಿಎನ್‌ಎ ಅಕ್ಷರಗಳು ಸಾಲಾಗಿ ಮತ್ತೆ ಮತ್ತೆ ಬರುತ್ತವೆ. ಅದೇ ಟೆಲೊಮಿಯರ್. ಕೋಶ ಒಂದು ಎರಡಾದಾಗಲೆಲ್ಲ ಅದು ಸ್ವಲ್ಪ ಸವೆಯುತ್ತದೆ. ತೀರಾ ಗಿಡ್ಡವಾದರೆ ಕೋಶ ವಿಭಜನೆಯನ್ನೇ ನಿಲ್ಲಿಸುತ್ತದೆ; ವಯಸ್ಸಾಗುವುದಕ್ಕೆ ಇದೂ ಒಂದು ಕಾರಣ ಎನ್ನುತ್ತಾರೆ. ಸವೆದದ್ದನ್ನು ತುಂಬಲು ಟೆಲೊಮರೇಸ್ ಎಂಬ ಕಿಣ್ವ ಇದೆ, ಆದರೆ ನಮ್ಮ ಬಹುತೇಕ ಕೋಶಗಳಲ್ಲಿ ಅದು ಆಫ್ ಆಗಿರುತ್ತದೆ.

ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ, ಅಂದರೆ ಪ್ರೋಟೀನಿನ ಇಟ್ಟಿಗೆಗಳ, ಚಿಕ್ಕ ಸರ. ಎಪಿಟಾಲಾನ್‌ನಲ್ಲಿ ಅವು ಬರೀ ನಾಲ್ಕು: ಅಲನಿನ್, ಗ್ಲುಟಾಮಿಕ್ ಆಮ್ಲ, ಆಸ್ಪಾರ್ಟಿಕ್ ಆಮ್ಲ, ಗ್ಲೈಸಿನ್. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ವ್ಲಾದಿಮಿರ್ ಖಾವಿನ್ಸನ್ ಮತ್ತು ಸಂಗಡಿಗರು ಇದನ್ನು ಲ್ಯಾಬ್‌ನಲ್ಲಿ ಬೆಳೆಸಿದ ಮನುಷ್ಯ ಭ್ರೂಣದ ಫೈಬ್ರೋಬ್ಲಾಸ್ಟ್ (ಅಂಗಾಂಶಗಳನ್ನು ಹಿಡಿದಿಡುವ ನಾರುಗಳನ್ನು ತಯಾರಿಸುವ) ಕೋಶಗಳಿಗೆ ಹಾಕಿ ನೋಡಿದರು. ಟೆಲೊಮರೇಸ್ ಆನ್ ಆಯಿತು, ಟೆಲೊಮಿಯರ್ ಉದ್ದವಾಯಿತು ಎಂದು 2003ರಲ್ಲಿ ವರದಿ ಮಾಡಿದರು. ಕುತೂಹಲ ಹುಟ್ಟಿಸುವ ಫಲಿತಾಂಶವೇ. ಆದರೆ ಈ ಪೆಪ್ಟೈಡ್ ಮೇಲಿನ ಕೆಲಸ ಜಾಸ್ತಿ ಆ ತಂಡದ್ದೇ. ಬೇರೆಯವರು ಮಾಡಿ ನೋಡಿದ್ದು ಕಡಿಮೆ.

ನನಗೆ ಹೆಚ್ಚು ಚಿಂತೆ ಇರುವುದು ಇಲ್ಲಿ: ಟೆಲೊಮರೇಸ್ ಆನ್ ಆಗುವುದು ಯಾವಾಗಲೂ ಒಳ್ಳೆಯದಲ್ಲ. ನೂರಕ್ಕೆ ಸುಮಾರು 85–90 ಕ್ಯಾನ್ಸರ್‌ಗಳಲ್ಲಿ ಈ ಕಿಣ್ವ ಚುರುಕಾಗಿರುತ್ತದೆ. ಕ್ಯಾನ್ಸರ್ ಕೋಶ ನಿಲ್ಲದೆ ಬೆಳೆಯುವುದಕ್ಕೆ ಅದೂ ಒಂದು ಕಾರಣ. ಆನ್‌ಲೈನ್‌ನಲ್ಲಿ ‘ಸಂಶೋಧನೆಗೆ ಮಾತ್ರ’ ಎಂದು ಚೀಟಿ ಅಂಟಿಸಿ ಮಾರುವ ಬಾಟಲಿ ತಂದು ದಯವಿಟ್ಟು ಚುಚ್ಚಿಕೊಳ್ಳಬೇಡಿ.