ಟೇಬಲ್ ಬಿಡಿ, ಕೈ ನೋಡಿ

ಪ್ರಶ್ನೆ: ಫಾಸ್ಟ್‌ಫುಡ್ ತಿನ್ನೋಕೆ ಹೋದಾಗ ನಾನು ಮೊದಲು ಟೇಬಲ್, ನೆಲ, ಟಾಯ್ಲೆಟ್ ನೋಡುತ್ತೇನೆ. ಎಲ್ಲ ಚೊಕ್ಕಟವಾಗಿದ್ದು, ಕೆಲಸದವರು ಗ್ಲೌಸ್ ಹಾಕಿದ್ದರೆ ಧೈರ್ಯವಾಗಿ ತಿನ್ನಬಹುದು ಅಲ್ವಾ?

ಇಲ್ಲ. ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲವೂ ಅವೇ ಸಾಕ್ಷಿಗಳು. ಹಾಗಾಗಿ ಇವತ್ತು ಇದಕ್ಕೇ ಜಾಸ್ತಿ ಜಾಗ.

ಟೇಬಲ್ ಗಲೀಜಾಗಿದ್ದರೆ ಎದ್ದು ಹೋಗಿ, ಅದರಲ್ಲಿ ತಪ್ಪಿಲ್ಲ. ಗಿರಾಕಿಯ ಕಣ್ಣಿಗೆ ಬೀಳುವ ಜಾಗವನ್ನೇ ಒರೆಸದವರು ಒಳಗೆ ಒರೆಸುತ್ತಾರೆ ಅಂತ ನಾನೂ ನಂಬುವುದಿಲ್ಲ. ಆದರೆ ಟೇಬಲ್ ಹೊಳೆಯುತ್ತಿದ್ದರೆ ಟೇಬಲ್ ಒರೆಸಿದ್ದಾರೆ ಅಂತ ಗೊತ್ತಾಗುತ್ತದೆ, ಅಷ್ಟೇ. ಹೊಟ್ಟೆ ಕೆಡುವುದು ಬೇರೆ ಕಾರಣಕ್ಕೆ. ಒಳಗಿನವರೆಗೂ ಬೆಂದಿತ್ತೇ? ಬೆಂದ ಮೇಲೆ ಎಷ್ಟು ಹೊತ್ತು ಹೊರಗಿತ್ತು? ಮುಟ್ಟಿದವರು ಕೈ ತೊಳೆದಿದ್ದರೇ? ಅವರಿಗೆ ಹುಷಾರಿತ್ತೇ?

1993ರಲ್ಲಿ ಅಮೆರಿಕದ ಜ್ಯಾಕ್ ಇನ್ ದ ಬಾಕ್ಸ್ ಅನ್ನುವ ಫಾಸ್ಟ್‌ಫುಡ್ ಕಂಪನಿಯ ಬರ್ಗರ್ ತಿಂದು 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ನಾಲ್ಕು ಮಕ್ಕಳು ತೀರಿಕೊಂಡವು. ಕಾರಣ ಇ. ಕೋಲೈ ಓ157 ಅನ್ನುವ ಬ್ಯಾಕ್ಟೀರಿಯಾ. ವಾಷಿಂಗ್ಟನ್ ರಾಜ್ಯದ ನಿಯಮದಂತೆ ಕೊಚ್ಚಿದ ಮಾಂಸ ಒಳಗೆ 68 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕಿತ್ತು. ಕಂಪನಿ ಬೇಯಿಸುತ್ತಿದ್ದದ್ದು 60 ಡಿಗ್ರಿಯ ಲೆಕ್ಕದಲ್ಲಿ. ಎಂಟು ಡಿಗ್ರಿ ಕಮ್ಮಿ. ತಟ್ಟೆ ಮುಂದೆ ಕೂತವರಿಗೆ ಅದು ಕಾಣುವುದು ಹೇಗೆ?

ಇಡೀ ತುಂಡಿನ ಮಾಂಸದಲ್ಲಿ ಈ ಬ್ಯಾಕ್ಟೀರಿಯಾ ಬಹುಪಾಲು ಮೇಲ್ಭಾಗದಲ್ಲೇ ಇರುತ್ತದೆ. ಹೊರಗೆ ಚೆನ್ನಾಗಿ ಸುಟ್ಟರೆ ಸಾಯುತ್ತದೆ. ಕೊಚ್ಚಿದಾಗ ಮೇಲಿದ್ದದ್ದು ಒಳಗೆಲ್ಲ ಬೆರೆಯುತ್ತದೆ. ಬಣ್ಣ ನೋಡಿ ಬೆಂದಿದೆ ಅನ್ನುವವರೂ ಇದ್ದಾರೆ. ದಯವಿಟ್ಟು ಬಿಡಿ. ಸಾಕಷ್ಟು ಬಿಸಿಯಾಗುವ ಮೊದಲೇ ಕಂದು ಬಣ್ಣಕ್ಕೆ ತಿರುಗುವ ಮಾಂಸ ಉಂಟು. ನಡುವಿಗೆ ಥರ್ಮಾಮೀಟರ್ ಚುಚ್ಚಿ ನೋಡದೆ ಯಾರೂ ಹೇಳಲಾಗದು, ನಾನೂ ಹೇಳಲಾರೆ.

ಇನ್ನು ಗ್ಲೌಸ್. ಸಾಲಿನಲ್ಲಿ ನಿಂತಾಗ ಫೋನ್ ಜೇಬಿಗೆ ಹಾಕಿ ಒಬ್ಬರ ಕೈಯನ್ನೇ ಎರಡು ನಿಮಿಷ ನೋಡಿ. ಗ್ಲೌಸ್ ಹಾಕಿದ ಕೈ ದುಡ್ಡು ತೆಗೆದುಕೊಳ್ಳುತ್ತದೆ. ಫ್ರಿಜ್ ಬಾಗಿಲು ಎಳೆಯುತ್ತದೆ. ಜಾರಿದ ಟೋಪಿ ಸರಿಮಾಡುತ್ತದೆ, ಮೂಗು ಉಜ್ಜುತ್ತದೆ. ಅದೇ ಕೈ ಬನ್ ಮೇಲೆ ಹಸಿ ಎಲೆ ಜೋಡಿಸುತ್ತದೆ. ಬರಿಗೈ ಅಂಟಂಟಾದರೆ ತೊಳೆಯಬೇಕು ಅನ್ನಿಸುತ್ತದೆ. ಗ್ಲೌಸ್ ಒಳಗಿನ ಕೈಗೆ ಅಂಟು ಗೊತ್ತೇ ಆಗುವುದಿಲ್ಲ. ಗ್ಲೌಸ್ ಹಾಕಿಕೊಂಡಾಗ ಕೈ ತೊಳೆಯುವುದು ಕಮ್ಮಿಯಾಗುತ್ತದೆ ಅಂತ ಅಡುಗೆಮನೆಗಳಲ್ಲಿ ನಿಂತು ಗಮನಿಸಿದವರು ಬರೆದಿಟ್ಟಿದ್ದಾರೆ. ಆಗಾಗ ಸೋಪು ಹಾಕಿ ತೊಳೆದ ಬರಿಗೈ ಕೊಟ್ಟಿದ್ದನ್ನು ನಾನು ತಿನ್ನುತ್ತೇನೆ. ಬೆಳಗಿನಿಂದ ಬದಲಾಯಿಸದ ಗ್ಲೌಸ್ ಕೊಟ್ಟಿದ್ದನ್ನು ತಿನ್ನುವುದಿಲ್ಲ.

ಹುಷಾರಿಲ್ಲದವರು ಕೆಲಸಕ್ಕೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ 2015ರ ಡಿಸೆಂಬರ್‌ನಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಚಿಪೋಟ್ಲೆ ಅನ್ನುವ ಫಾಸ್ಟ್‌ಫುಡ್ ಕಂಪನಿಯ ಒಂದು ಅಂಗಡಿಯಲ್ಲಿ ನಡೆದದ್ದು ಸಾಕು. ಅಂಗಡಿಯಲ್ಲೇ ವಾಂತಿ ಮಾಡಿಕೊಂಡ ಸಿಬ್ಬಂದಿಯನ್ನು ಮನೆಗೆ ಕಳಿಸಲಿಲ್ಲ, ಕೆಲಸ ಮುಂದುವರಿಸು ಅಂದರು. 140ಕ್ಕೂ ಹೆಚ್ಚು ಜನಕ್ಕೆ ವಾಂತಿ-ಭೇದಿ ತರುವ ನೊರೊವೈರಸ್ ಹತ್ತಿತು. ಈ ವೈರಸ್ ಚೂರೇ ಚೂರು ಹೊಟ್ಟೆಗೆ ಹೋದರೂ ಸಾಕು. ಸ್ಯಾನಿಟೈಸರ್ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ, ಸೋಪು ನೀರೇ ಬೇಕು. ರಜೆ ಹಾಕಿದರೆ ಸಂಬಳ ಕತ್ತರಿಸುವ ಕಡೆ ಜನ ಕಾಯಿಲೆ ಮುಚ್ಚಿಟ್ಟುಕೊಂಡೇ ಬರುತ್ತಾರೆ. ಅದು ಮಾಲೀಕರ ತಪ್ಪು. ಕೌಂಟರ್ ಹಿಂದೆ ನಿಂತ ಹುಡುಗನ ಮೇಲೆ ರೇಗಬೇಡಿ.

ಹಾಗಾದರೆ ಏನು ನೋಡಬೇಕು? ಹಸಿ ಮಾಂಸ ಮುಟ್ಟಿದವರು ಕೈ ತೊಳೆಯದೆ ಬನ್ ಮುಟ್ಟುತ್ತಾರಾ ನೋಡಿ. ಬೆಂದ ಮೇಲೆ ಬಿಸಿಯಾಗಿಯೇ ಇಡಬೇಕಾದದ್ದು 60 ಡಿಗ್ರಿಗಿಂತ ಮೇಲೆ, ತಣ್ಣಗಿರಬೇಕಾದದ್ದು 5 ಡಿಗ್ರಿಗಿಂತ ಕೆಳಗೆ ಇರಬೇಕು. ನಡುವೆ ಬ್ಯಾಕ್ಟೀರಿಯಾಗೆ ಹಬ್ಬ. ಉಗುರುಬೆಚ್ಚಗೆ ಬಂದ ಬರ್ಗರ್ ನಾನು ವಾಪಸ್ ಕೊಡುತ್ತೇನೆ, ಮುಜುಗರ ಪಡುವುದಿಲ್ಲ. ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು ಜೊತೆಗಿದ್ದರೆ ಹಸಿ ಮೊಳಕೆ ಹಾಕಿದ ಯಾವುದನ್ನೂ ಕೊಡಿಸುವುದಿಲ್ಲ. ಅತಿಯಾಯಿತು ಅನ್ನುವವರು ಅನ್ನಲಿ.

ಪ್ರಶ್ನೆ: ದೊಡ್ಡ ಬ್ರ್ಯಾಂಡ್ ಆದರೆ ಚಿಂತೆ ಇಲ್ಲ ತಾನೇ?

ದೊಡ್ಡವರಲ್ಲಿ ನಿಯಮ, ತಪಾಸಣೆ ಜಾಸ್ತಿ ಇರುತ್ತದೆ, ನಿಜ. ತಪ್ಪಾದರೆ ಅದೂ ದೊಡ್ಡದಾಗಿಯೇ ಹರಡುತ್ತದೆ. 2024ರಲ್ಲಿ ಅಮೆರಿಕದ 14 ರಾಜ್ಯಗಳಲ್ಲಿ 104 ಜನ ಕಾಯಿಲೆ ಬಿದ್ದರು, ಒಬ್ಬರು ಸತ್ತರು. ಮೆಕ್‌ಡೊನಾಲ್ಡ್ಸ್ ಬರ್ಗರ್‌ಗೆ ಹಾಕಿದ ಹಸಿ ಈರುಳ್ಳಿಯೇ ಕಾರಣವಿರಬೇಕು ಅಂತ ತನಿಖೆ ಹೇಳಿತು.

ಪ್ರಶ್ನೆ: ಕೆಟ್ಟಿದ್ದರೆ ವಾಸನೆಯಲ್ಲೇ ಗೊತ್ತಾಗಲ್ವಾ?

ಇಲ್ಲ. ನಾತ ಬರಿಸುವ ಸೂಕ್ಷ್ಮಜೀವಿಗಳೇ ಬೇರೆ, ಕಾಯಿಲೆ ತರುವವೇ ಬೇರೆ.

ಪ್ರಶ್ನೆ: ಉಳಿದದ್ದನ್ನು ಮತ್ತೆ ಕುದಿಸಿದರೆ?

ಬ್ಯಾಕ್ಟೀರಿಯಾ ಸಾಯಬಹುದು. ಆದರೆ ಸ್ಟಾಫಿಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಸಿದರೂ ಉಳಿಯುತ್ತದೆ. ಗಂಟೆಗಟ್ಟಲೆ ಹೊರಗಿದ್ದರೆ ಎಸೆಯಿರಿ.

ಪ್ರಶ್ನೆ: ಮಧ್ಯಾಹ್ನ ಬರ್ಗರ್ ತಿಂದೆ, ರಾತ್ರಿ ಭೇದಿ. ಅದೇ ಅಂಗಡಿಯದ್ದೇ ತಪ್ಪು ಅಲ್ವಾ?

ಕೊನೆಯ ಊಟವನ್ನೇ ಹಿಡಿದು ಬೈಯಬೇಡಿ. ನೊರೊವೈರಸ್‌ಗೆ 12ರಿಂದ 48 ಗಂಟೆ ಬೇಕು, ಓ157ಗೆ ಸಾಮಾನ್ಯವಾಗಿ ಮೂರು ನಾಲ್ಕು ದಿನ. ಹಿಂದಿನ ಒಂದು ವಾರ ಏನು ತಿಂದಿರಿ, ಎಲ್ಲಿ ತಿಂದಿರಿ ಅಂತ ಬರೆದು ಆರೋಗ್ಯ ಇಲಾಖೆಗೆ ಕೊಡಿ. ಹತ್ತು ಜನರ ಪಟ್ಟಿಯಲ್ಲಿ ಒಂದೇ ಅಂಗಡಿ ಬಂದರೆ ಅವರು ಹಿಡಿಯುತ್ತಾರೆ.

ಪ್ರಶ್ನೆ: ಹೊಟ್ಟೆಯ ವಿಷ ಹೊರಹಾಕುವ ಡಿಟಾಕ್ಸ್ ಪುಡಿ ತಗೊಳ್ಳಲಾ?

ಬೇಡವೇ ಬೇಡ. ಅದನ್ನು ಮಾರುವವರು ಭೇದಿಯಿಂದ ಒಣಗಿದ ಮಗುವಿಗೆ ಮತ್ತಷ್ಟು ಭೇದಿ ಮಾಡಿಸುತ್ತಾರೆ, ಅದು ಅಪರಾಧ. ಒಆರ್‌ಎಸ್ ಕುಡಿಸಿ. ಭೇದಿಯಲ್ಲಿ ರಕ್ತ ಕಂಡರೆ ಭೇದಿ ನಿಲ್ಲಿಸುವ ಮಾತ್ರೆಯನ್ನಾಗಲಿ ಆಂಟಿಬಯೋಟಿಕ್ ಆಗಲಿ ನೀವೇ ಕೊಡಬೇಡಿ. ಓ157 ಆಗಿದ್ದರೆ ಕಿಡ್ನಿಗೆ ಅಪಾಯ ಹೆಚ್ಚಬಹುದು. ಅದೇ ದಿನ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಮಗು ಮೂತ್ರ ಮಾಡಿ ಎಷ್ಟು ಹೊತ್ತಾಯಿತು ಅನ್ನುವುದನ್ನೂ ಅವರಿಗೆ ಹೇಳಿ.